ಖಾಲಿ ಕುರ್ಚಿಗೆ ಯಾರ ಶಿಫಾರಸು?

2022ರ ಜನವರಿಯಲ್ಲಿ ಕೃಷ್ಣಾ ನೀರಿನ ವ್ಯಾಜ್ಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪೀಠದಲ್ಲಿ ಕೂತಿದ್ದವರು ಇಬ್ಬರು: ಮಹಾರಾಷ್ಟ್ರ ಮೂಲದ ಡಿ.ವೈ. ಚಂದ್ರಚೂಡ್, ಕರ್ನಾಟಕದ ಎ.ಎಸ್. ಬೋಪಣ್ಣ. ಎರಡೂ ರಾಜ್ಯಗಳು ಆ ವ್ಯಾಜ್ಯದಲ್ಲಿ ಕಕ್ಷಿದಾರರು. ತಮ್ಮ ತವರಿನ ಕಾರಣಕ್ಕೆ ನಾಳೆ ಯಾರೂ ಬೆರಳು ತೋರಿಸಬಾರದೆಂದು ಇಬ್ಬರೂ ವಿಚಾರಣೆಯಿಂದ ಹಿಂದೆ ಸರಿದರು.

ಶಹಾಪುರ, ಸುರಪುರದ ರೈತರಿಗೆ ಇದರಿಂದ ನಷ್ಟವೇ ಆಯಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದ್ದು 2010ರ ಡಿಸೆಂಬರ್ 30ರಂದು. ಆ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾಗದಂತೆ ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ತಡೆ ವರ್ಷಗಟ್ಟಲೆ ಮುಂದುವರಿಯಿತು. ಕೃಷ್ಣಾ ಮೇಲ್ದಂಡೆಯ ಮೂರನೇ ಹಂತ ನಂಬಿಕೊಂಡು ಕೂತ ಏಳು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ವಾರಾಬಂದಿ ಲೆಕ್ಕದಲ್ಲಿ ಬರುವ ನಮ್ಮಲ್ಲಿ, ಕಾಲುವೆಯ ಕೊನೆ ಭಾಗದ ಹೊಲದವನು ಬೇಸಿಗೆ ಬೆಳೆಗೆ ಮುಗಿಲು ನೋಡುತ್ತಾನೆ, ದಿಲ್ಲಿಯನ್ನೂ ನೋಡುತ್ತಾನೆ. ಹೀಗಿದ್ದರೂ ಆ ಇಬ್ಬರು ನ್ಯಾಯಮೂರ್ತಿಗಳು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ತಡವಾಗಿ ಬಂದರೂ ತೀರ್ಪು ಎಲ್ಲರೂ ನಂಬುವಂಥದ್ದಾಗಿರಬೇಕು.

ಹುಟ್ಟಿದ ಊರಿನ ನೆಪಕ್ಕೂ ನ್ಯಾಯಾಧೀಶ ದೂರ ಸರಿಯಬೇಕು ಎನ್ನುವ ವ್ಯವಸ್ಥೆಯಲ್ಲಿ, ಕುರ್ಚಿ ಖಾಲಿಯಾದ ಗಳಿಗೆಯಲ್ಲಿ ಮಾತ್ರ ಬೇರೆಯೇ ಆಟ ಶುರುವಾಗುತ್ತದೆ. ಗುಂಪುಗಳು ಹೆಸರು ಹಿಡಿದು ಬರುತ್ತವೆ. ಆಳುವವರು ಕಡತ ಹಿಡಿದು ಕೂರುತ್ತಾರೆ. ಬರಲಿರುವವನು ಕಾನೂನು ಬಲ್ಲವನೇ ಎಂಬ ಪ್ರಶ್ನೆ ಹಿಂದೆ ಬಿದ್ದು, ನಮಗೆ ಬೇಕಾದ ತೀರ್ಪು ಕೊಡುವನೇ ಎಂಬುದು ಮುಂದೆ ಬರುತ್ತದೆ.

ಈ ಒತ್ತಡ ಬಯಲಿನಲ್ಲೇ ನಡೆಯುವ ದೇಶ ಅಮೆರಿಕ. 2005ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾರ್ಜ್ ಬುಷ್ ಅಲ್ಲಿನ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ಹ್ಯಾರಿಯಟ್ ಮಯರ್ಸ್ ಎಂಬ ವಕೀಲೆಯನ್ನು ಹೆಸರಿಸಿದರು. ಆಕೆ ಶ್ವೇತಭವನದಲ್ಲಿ ಅವರಿಗೇ ಕಾನೂನು ಸಲಹೆಗಾರ್ತಿಯಾಗಿದ್ದವರು. ಆಕೆಗೆ ಸಂವಿಧಾನ ಕಾನೂನಿನ ಅನುಭವ ಸಾಲದೆಂಬ ಟೀಕೆ ಎಲ್ಲ ಕಡೆಯಿಂದ ಬಂತು, ಅದರಲ್ಲಿ ಹುರುಳೂ ಇತ್ತು. ಆದರೆ ಆಕೆಯನ್ನು ತಡೆದದ್ದು ಬುಷ್ ಅವರದೇ ಬಣದ ಸಂಪ್ರದಾಯವಾದಿ ಕಾರ್ಯಕರ್ತರು. ಗರ್ಭಪಾತದಂಥ ವಿಷಯಗಳಲ್ಲಿ ಆಕೆ ತಮ್ಮ ಪರ ನಿಲ್ಲುತ್ತಾಳೆಂಬ ಖಾತ್ರಿ ಅವರಿಗೆ ಸಿಗಲಿಲ್ಲ. ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 27ಕ್ಕೆ, ಮಯರ್ಸ್ ಹಿಂದೆ ಸರಿದರು. ನಾಲ್ಕು ದಿನ ಬಿಟ್ಟು ಸ್ಯಾಮ್ಯುಯೆಲ್ ಅಲಿಟೊ ಹೆಸರು ಬಂತು. 2022ರ ಜೂನ್ 24ರಂದು, ಅರ್ಧ ಶತಮಾನದಿಂದ ಹೆಂಗಸರಿಗಿದ್ದ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ಕಿತ್ತುಹಾಕಿದ ಬಹುಮತದ ತೀರ್ಪು ಬರೆದವರು ಅದೇ ಅಲಿಟೊ. ಕುರ್ಚಿಗಾಗಿ ನಡೆದ ಆ ಮೂರು ವಾರಗಳ ಗದ್ದಲದ ಫಲ ಹದಿನೇಳು ವರ್ಷದ ನಂತರ ಕಾಣಿಸಿತು.

ನಮ್ಮಲ್ಲಿ ಇಂಥದ್ದು ನಡೆದಿಲ್ಲವೇ? ನಡೆದಿದೆ, ಅದೂ ಒಬ್ಬ ಕನ್ನಡಿಗನ ಮೇಲೆ. ಆಗ ಒತ್ತಡ ಬಂದದ್ದು ಎಡಗಡೆಯಿಂದ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾಯ್ದೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆ ಹದಿಮೂರು ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆಯಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಅಳಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ತೀರ್ಪಾಯಿತು. ಆ ಪಕ್ಷದಲ್ಲಿ ಏಳು ಮಂದಿ, ಎದುರು ಆರು ಮಂದಿ. ಮರುದಿನ ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತರಾಗಬೇಕಿತ್ತು. ಹಿರಿತನದಲ್ಲಿ ಮುಂದಿದ್ದವರು ಜೆ.ಎಂ. ಶೇಲಟ್, ಅವರ ಹಿಂದೆ ಕೆ.ಎಸ್. ಹೆಗ್ಡೆ, ಆಮೇಲೆ ಎ.ಎನ್. ಗ್ರೋವರ್. ಮೂವರೂ ಸರ್ಕಾರಕ್ಕೆ ಬೇಡವಾದ ತೀರ್ಪಿನ ಕಡೆ ಇದ್ದವರು. ಮೂವರನ್ನೂ ದಾಟಿ, ಸರ್ಕಾರದ ವಾದ ಒಪ್ಪಿದ್ದ ಎ.ಎನ್. ರೇ ಅವರನ್ನು ಇಂದಿರಾ ಗಾಂಧಿ ಸರ್ಕಾರ ಮುಖ್ಯ ನ್ಯಾಯಮೂರ್ತಿಯ ಕುರ್ಚಿಗೆ ತಂದಿತು. ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿಯ ವಿಚಾರಧಾರೆ ಎಂಥದ್ದೆಂದು ನೋಡಿಯೇ ಮುಖ್ಯ ನ್ಯಾಯಮೂರ್ತಿಯನ್ನು ಆರಿಸಬೇಕೆಂದು ಮಂತ್ರಿ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿಕೊಂಡರು. ಕಾಲಕ್ಕೆ ತಕ್ಕ ಬದ್ಧತೆಯ ನ್ಯಾಯಾಂಗ ಬೇಕು ಎಂಬುದು ಆ ದಿನಗಳ ಘೋಷಣೆ.

ಈ ಕೆ.ಎಸ್. ಹೆಗ್ಡೆ ಕಾರ್ಕಳ ತಾಲೂಕಿನ ಕೌಡೂರಿನವರು. 1952ರಿಂದ 1957ರವರೆಗೆ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಸದಸ್ಯರಾಗಿದ್ದು, ಅಲ್ಲಿಂದ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದವರು. ಪಕ್ಷದ ಋಣ ತೀರಿಸಲು ಅವರಿಗೆ ಅವಕಾಶಗಳು ಬೇಕಾದಷ್ಟಿದ್ದವು. ತೀರಿಸಲಿಲ್ಲ. ದೇಶದ ಮುಖ್ಯ ನ್ಯಾಯಮೂರ್ತಿಯಾಗುವ ಅವಕಾಶ ಕೈತಪ್ಪುವ ಸಾಧ್ಯತೆ ಕಣ್ಣೆದುರಿಗೇ ಇದ್ದರೂ ತಮಗೆ ಸರಿ ಕಂಡದ್ದನ್ನು ಬರೆದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು, ಮುಂದೆ ಭಾರತೀಯ ಜನತಾ ಪಕ್ಷ ಸೇರಿದರು. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಆ ಕುರ್ಚಿಯಲ್ಲಿ ಕೂತಷ್ಟು ಕಾಲ ಅವರು ಯಾರಿಗೂ ಸಾಲಗಾರರಾಗಿರಲಿಲ್ಲ. ಕೇರಳದಲ್ಲಿ ಕಮ್ಯುನಿಸ್ಟ್ ಸರ್ಕಾರದ ಮಂತ್ರಿಯಾಗಿದ್ದು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಿ.ಆರ್. ಕೃಷ್ಣ ಅಯ್ಯರ್ ಕೂಡ ಹಾಗೆಯೇ. ಆದ್ದರಿಂದ, ಒಂದು ಕಾಲದಲ್ಲಿ ಪಕ್ಷದಲ್ಲಿದ್ದವರೆಂಬ ಒಂದೇ ಕಾರಣಕ್ಕೆ ಯಾರನ್ನೂ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಯಾರ ಹಂಗಿನಿಂದ ಬಂದರು, ಆ ಹಂಗು ಹರಿದುಕೊಂಡರೇ ಎಂಬುದನ್ನು ನೋಡಬೇಕು.

ಹಾಗೆ ನೋಡಲು ಜನರಿಗೆ ಏನಾದರೂ ಕಾಣಬೇಕಲ್ಲ? ಇವತ್ತಿನ ತೊಡಕು ಇಲ್ಲಿದೆ. ನೇಮಕದ ಅಧಿಕಾರ 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಕೈಗೆ ಹೋಯಿತು. ಅದನ್ನು ಬದಲಿಸಲು ಸಂಸತ್ತು 2014ರಲ್ಲಿ ತಂದ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಅಂದಿನಿಂದ ಕೇಂದ್ರ ಸರ್ಕಾರ ಬೇರೆ ದಾರಿ ಹಿಡಿದಿದೆ. ಇಷ್ಟವಾದ ಹೆಸರಿಗೆ ವಾರಗಳಲ್ಲಿ ಒಪ್ಪಿಗೆ, ಇಷ್ಟವಾಗದ್ದಕ್ಕೆ ಮೌನ. ನಮ್ಮ ಹೈಕೋರ್ಟಿಗೆ ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರನ್ನು ಕೊಲಿಜಿಯಂ 2021ರಲ್ಲಿ ಎರಡು ಸಲ ಕಳಿಸಿತು. ಸರ್ಕಾರ ಒಪ್ಪಲಿಲ್ಲ. ವರ್ಷ ಕಾದ ಮೇಲೆ ಅವರೇ 2022ರಲ್ಲಿ ತಮ್ಮ ಒಪ್ಪಿಗೆ ಹಿಂತೆಗೆದುಕೊಂಡರು. ಇತ್ತ ಬಿಜೆಪಿ ಮಹಿಳಾ ಮೋರ್ಚಾದ ಪದಾಧಿಕಾರಿಯಾಗಿದ್ದ ಎಲ್. ವಿಕ್ಟೋರಿಯಾ ಗೌರಿ 2023ರ ಫೆಬ್ರವರಿ 7ರಂದು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಮಾಣವಚನ ಸ್ವೀಕರಿಸುವಾಗ, ಅವರ ನೇಮಕ ಪ್ರಶ್ನಿಸಿದ ಅರ್ಜಿಯ ವಿಚಾರಣೆ ದಿಲ್ಲಿಯಲ್ಲಿ ನಡೆದೇ ಇತ್ತು. ಎರಡೂ ಹೆಸರು ಕೊಲಿಜಿಯಂನಿಂದಲೇ ಹೋದವು. ಒಂದು ದಾಟಿತು, ಇನ್ನೊಂದು ಸಿಕ್ಕಿಬಿತ್ತು. ಅಮೆರಿಕದಲ್ಲಿ ಸಂಪ್ರದಾಯವಾದಿ ಕಾರ್ಯಕರ್ತರು ಬೀದಿಯಲ್ಲಿ, ಪತ್ರಿಕೆಯಲ್ಲಿ ಕೂಗಿ ಮಾಡುವುದನ್ನು ಇಲ್ಲಿ ಕಡತದ ಮೇಲೆ ಕೈಯಿಟ್ಟು ಸದ್ದಿಲ್ಲದೆ ಮಾಡುತ್ತಾರೆ. ನಮ್ಮ ರೀತಿಯೇ ಹೆಚ್ಚು ಅಪಾಯಕಾರಿ ಎನ್ನುತ್ತೇನೆ. ಕೂಗಿಗೆ ಎದುರು ಕೂಗು ಹಾಕಬಹುದು, ಮುಚ್ಚಿಟ್ಟ ಕಡತಕ್ಕೆ ಉತ್ತರ ಕೊಡುವುದು ಹೇಗೆ?

ಕೊಲಿಜಿಯಂ ಕೂಡ ತಪ್ಪಿನಿಂದ ಹೊರತಲ್ಲ. 2025ರ ಆಗಸ್ಟಿನಲ್ಲಿ ವಿಪುಲ್ ಪಂಚೋಲಿ ಅವರನ್ನು ಸುಪ್ರೀಂ ಕೋರ್ಟಿಗೆ ತರುವ ತೀರ್ಮಾನಕ್ಕೆ ಕೊಲಿಜಿಯಂನೊಳಗೇ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಿನ್ನಮತ ಬರೆದರೆಂದು ಪತ್ರಿಕೆಗಳು ವರದಿ ಮಾಡಿದವು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು ಅವರು. ಸರದಿ ತಪ್ಪದಿದ್ದರೆ 2027ರಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಕೊಲಿಜಿಯಂ ಆಗ ಪ್ರಕಟಿಸಿದ ಹೇಳಿಕೆಯಲ್ಲಿ ಆ ಭಿನ್ನಮತಕ್ಕೆ ಜಾಗವಿರಲಿಲ್ಲ. ತೀರ್ಪಿನಲ್ಲಿ ಭಿನ್ನಮತ ಬಂದರೆ ಅಕ್ಷರಶಃ ಅಚ್ಚಾಗುತ್ತದೆ, ಕಾನೂನು ಓದುವ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ತೀರ್ಪು ಬರೆಯುವವರನ್ನು ಆರಿಸುವಾಗ ಬರೆದ ಭಿನ್ನಮತವನ್ನು ಜನರಿಂದ ಏಕೆ ಮರೆಮಾಡಬೇಕು?

ಇದೆಲ್ಲ ದಿಲ್ಲಿಯ ದೊಡ್ಡವರ ವ್ಯವಹಾರ, ಯಾದಗಿರಿಗೇನು ಎಂದು ಕೇಳುವವರಿದ್ದಾರೆ. ನಮ್ಮ ಕಡೆಯ ಒಂದು ತಾಲೂಕು ಕೋರ್ಟಿನ ಆವರಣದಲ್ಲಿ ಕಂಡ ಮುದುಕರೊಬ್ಬರ ಮಾತು ಹೇಳುತ್ತೇನೆ. ಕಾಲುವೆಗೆ ಹೋದ ಜಮೀನಿಗೆ ಹೆಚ್ಚಿನ ಪರಿಹಾರ ಕೇಳಿ ಕೇಸು ಹಾಕಿದವರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆ ಮಡಿಕೆಯಾಗಿ ಪಹಣಿ, ನೋಟಿಸು, ತಾರೀಖು ಬರೆದ ಚೀಟಿಗಳು. ಒಂದೊಂದನ್ನೂ ಮೊಣಕಾಲ ಮೇಲಿಟ್ಟು ಅಂಗೈಯಿಂದ ಸವರಿ ಸಪಾಟು ಮಾಡುತ್ತಿದ್ದರು. “ಸಾಹೇಬ್ರು ವರ್ಗ ಆಗ್ಯಾರಂತ್ರೀ. ಹೊಸಬ್ರು ಬರೂತನಾ ತಾರೀಖ ಅಷ್ಟ” ಅಂದರು. ಹೊಸಬರು ಎಂಥವರು ಬರಬೇಕು ಯಜಮಾನ್ರೇ ಎಂದು ಕೇಳಿದೆ. “ಯಾರರ ಬರ್ಲಿರಿ. ಕಾಗದ ನೋಡಿ ಹೇಳಾವ್ರು ಬರ್ಲಿ, ಮಂದಿ ನೋಡಿ ಹೇಳಾವ್ರು ಬ್ಯಾಡ್ರಿ.” ಅವರ ಕೇಸು ತಾಲೂಕಿನಿಂದ ಕಲಬುರಗಿ ಪೀಠಕ್ಕೆ, ಅಲ್ಲಿಂದ ದಿಲ್ಲಿಗೆ ಹೋದರೂ ಹೋಗಬಹುದು. ಮೂರೂ ಕಡೆ ಕುರ್ಚಿ ತುಂಬಿರಬೇಕು, ಮೂರೂ ಕಡೆ ಕೂತವರು ಕಾಗದ ನೋಡುವವರಾಗಿರಬೇಕು.

ಒತ್ತಡವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಲಬುರಗಿಗೆ ಹೈಕೋರ್ಟಿನ ಪೀಠ ಬಂದದ್ದೇ ಒತ್ತಡದಿಂದ. ಈ ಭಾಗದ ವಕೀಲರು ಕಲಾಪ ಬಿಟ್ಟು ಧರಣಿ ಕೂತರು, ಜನ ಜೊತೆಗೂಡಿದರು. 2008ರ ಜುಲೈಯಲ್ಲಿ ಸಂಚಾರಿ ಪೀಠ, 2013ರ ಆಗಸ್ಟಿನಲ್ಲಿ ಕಾಯಂ ಪೀಠ ದಕ್ಕಿತು. ಒಂದು ಅರ್ಜಿಗಾಗಿ ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಯಾದಗಿರಿಯವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತಾದರು. ನ್ಯಾಯಾಲಯದ ಬಾಗಿಲು ತೆರೆಯಿರಿ ಎಂಬ ಒತ್ತಡ ಅದು, ಎಲ್ಲರ ಎದುರು ನಡೆದದ್ದು. ಒಳಗೆ ಯಾರು ಕೂತು ಏನು ಹೇಳಬೇಕೆಂದು ಆ ಧರಣಿಯಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಭಾಗದವರೂ ಮೇಲಿನ ಪೀಠಗಳಿಗೆ ಹೋಗಬೇಕೆಂಬ ಆಸೆ ಇಲ್ಲಿ ಎಲ್ಲರಿಗಿದೆ, ನನಗೂ ಇದೆ. ರಾಯಚೂರು ಜಿಲ್ಲೆಯ ಮಲದಕಲ್ಲಿನಲ್ಲಿ ಹುಟ್ಟಿ, ಕಲಬುರಗಿಯಲ್ಲಿ ವಕೀಲಿ ಮಾಡಿದ ಶಿವರಾಜ ವಿ. ಪಾಟೀಲರು 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದಾಗ ಇಡೀ ಸೀಮೆ ಹೆಮ್ಮೆಪಟ್ಟಿತು. ಆ ಆಸೆ ನ್ಯಾಯವಾದದ್ದು. ನಮ್ಮ ಬರ, ನಮ್ಮ ಗುಳೆ, ನಮ್ಮ ಮಾತು ಬಲ್ಲವರು ಅಲ್ಲಿದ್ದರೆ ದೇಶದ ನ್ಯಾಯಾಲಯಕ್ಕೆ ಆ ತಿಳಿವು ಸೇರುತ್ತದೆ. ಆದರೆ ನಮ್ಮವರೊಬ್ಬರು ಅಲ್ಲಿ ಕೂತರೆ ಕೃಷ್ಣೆಯ ಕೇಸು ನಮ್ಮ ಪರವಾಗುತ್ತದೆಂದು ಲೆಕ್ಕ ಹಾಕುವವರು, ಬೋಪಣ್ಣನವರು ಮಾಡಿದ್ದನ್ನು ನೆನಪಿಡಬೇಕು. ನಮ್ಮವರು ಅಲ್ಲಿದ್ದರೆ ನಮ್ಮ ನೀರಿನ ಕೇಸನ್ನು ಮುಟ್ಟುವುದೇ ಇಲ್ಲ, ಮುಟ್ಟಲೂಬಾರದು.

ತನಗೆ ಸಂಬಂಧಪಟ್ಟ ವ್ಯಾಜ್ಯದಲ್ಲಿ ತಾನೇ ತೀರ್ಪು ಹೇಳಬಾರದೆಂಬುದನ್ನು ಸುರಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರನ್ನು ಯುದ್ಧದಲ್ಲಿ ಸೋಲಿಸಿದ ಬ್ರಿಟಿಷರೇ ವಿಚಾರಣೆ ಮಾಡಿದರು, ಶಿಕ್ಷೆ ವಿಧಿಸಿದವರೂ ಅವರೇ, ಆಮೇಲೆ ಅದನ್ನು ಇಳಿಸಿದವರೂ ಅವರೇ. ಶಿಕ್ಷೆ ಅನುಭವಿಸಲು ಹೊರಟ ದಾರಿಯಲ್ಲೇ ಗುಂಡು ತಗಲಿ ಆ ಎಳೆಯ ಅರಸ ಸತ್ತ.  ಆಳುವವನೂ ತೀರ್ಪು ಹೇಳುವವನೂ ಒಬ್ಬನೇ ಆದರೆ ಏನಾಗುತ್ತದೆಂದು ಆ ಊರು ಕಂಡಿದೆ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಹೈಕೋರ್ಟಿನ ನೇಮಕಗಳಿಗೆ ಗಡುವನ್ನು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲೇ ಹಾಕಿದೆ: ಕೊಲಿಜಿಯಂ ಒಮ್ಮತದಿಂದ ಎರಡನೇ ಸಲ ಕಳಿಸಿದ ಹೆಸರಿಗೆ ಮೂರು ನಾಲ್ಕು ವಾರದಲ್ಲಿ ನೇಮಕವಾಗಬೇಕು. ಸರ್ಕಾರ ಅದನ್ನು ಪಾಲಿಸಲಿ. ಆಕ್ಷೇಪವಿದ್ದರೆ ಬರೆದು ಪ್ರಕಟಿಸಲಿ. ಕೊಲಿಜಿಯಂ ತನ್ನೊಳಗಿನ ಭಿನ್ನಮತವನ್ನೂ ಪ್ರಕಟಿಸಲಿ. ಹೆಸರು ಯಾರ ಒತ್ತಾಯದಿಂದ ನಿಂತಿತು, ಯಾವ ಕಾರಣಕ್ಕೆ ಹೋಯಿತು ಎಂಬುದು ಬೆಳಕಿಗೆ ಬಂದರೆ, ಎಡ ಬಲ ಎನ್ನದೆ ಪಟ್ಟಿ ಹಿಡಿದು ಬರುವ ಎಲ್ಲ ಗುಂಪುಗಳ ಬಲ ಅರ್ಧ ಕುಗ್ಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಕ್ಷೇತ್ರಗಳ ಮತದಾರರು ರಾಯಚೂರು ಸಂಸದರನ್ನು ಆರಿಸುತ್ತಾರೆ, ಗುರಮಠಕಲ್‌ನವರು ಕಲಬುರಗಿ ಸಂಸದರನ್ನು. ರಸ್ತೆ, ರೈಲು, ಕಾಲುವೆ ಕೇಳಲು ಅವರ ಬಳಿ ಹೋಗುವ ಓದುಗರು ಇನ್ನೊಂದನ್ನೂ ಕೇಳಬೇಕೆಂದು ನನ್ನ ವಿನಂತಿ. ಕರ್ನಾಟಕ ಹೈಕೋರ್ಟಿಗೆ ಮಂಜೂರಾದ 62 ನ್ಯಾಯಮೂರ್ತಿಗಳ ಸ್ಥಾನಗಳಲ್ಲಿ ಇಂದು ಎಷ್ಟು ಖಾಲಿ, ಕೊಲಿಜಿಯಂ ಕಳಿಸಿದ ಯಾವ ಹೆಸರು ಎಷ್ಟು ದಿನದಿಂದ ಸರ್ಕಾರದ ಬಳಿ ಉಳಿದಿದೆ, ಏಕೆ ಉಳಿದಿದೆ: ಈ ಪ್ರಶ್ನೆಯನ್ನು ಮುಂದಿನ ಅಧಿವೇಶನದಲ್ಲಿ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಊರಿಗೆ ತಂದು ತೋರಿಸಿ ಎಂದು ಹೇಳಿ. ತಾಲೂಕಿನ ವಕೀಲರ ಸಂಘಗಳು ಅದನ್ನೇ ಒಂದು ಠರಾವು ಮಾಡಿ ದಿಲ್ಲಿಗೆ ಕಳಿಸಲಿ.