ಕಲಿಸದೆ ಕಲಿತದ್ದು: ಅದರ ಎಲ್ಲೆ ಎಲ್ಲಿ?



‘ಬದುಕೇ ಪಾಠಶಾಲೆ’ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಚಪ್ಪಾಳೆ ತಟ್ಟದವರು ನಮ್ಮಲ್ಲಿ ಯಾರಿದ್ದಾರೆ? ಮಾತು ಸುಳ್ಳಲ್ಲ. ಆದರೆ ಈಚೆಗೆ ಎರಡು ವಿರುದ್ಧ ಪಕ್ಷದವರು ಈ ಒಂದೇ ಮಾತನ್ನು ತಮ್ಮ ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತಿರುವುದನ್ನು ಕಾಣುತ್ತಿದ್ದೇನೆ. ಎಲ್ಲವೂ ಕಲಿಕೆಯೇ ಆದಮೇಲೆ ಶಾಲೆ ಏತಕ್ಕೆ, ಬೇಕಾದದ್ದೆಲ್ಲ ಮೊಬೈಲಿನಲ್ಲಿಯೇ ಸಿಗುತ್ತದಲ್ಲ ಎನ್ನುವವರು ಒಂದು ಕಡೆ. ಎಲ್ಲವೂ ಕಲಿಕೆಯೇ ಆದಮೇಲೆ ಮಗುವಿನ ಒಂದು ಗಳಿಗೆಯೂ ವ್ಯರ್ಥವಾಗಕೂಡದು ಎಂದು ಆಟಕ್ಕೂ, ಅಡುಗೆಮನೆಗೂ, ಅಜ್ಜಿಯ ಕಥೆಗೂ ವೇಳಾಪಟ್ಟಿ ಹಾಕುವವರು ಇನ್ನೊಂದು ಕಡೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಎರಡು ಬಗೆಯವರೂ ಇದ್ದಾರೆ, ಇಬ್ಬರೂ ಸಜ್ಜನರೇ. ಆದರೆ ಶಾಲೆಯಿಲ್ಲದೆ ಕಲಿಯುವ ಈ ಕಲಿಕೆ ಎಂದರೇನು, ಅದರ ಎಲ್ಲೆ ಯಾವುದು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಿಲ್ಲವೆಂದು ನನಗೆ ತೋರುತ್ತದೆ.

ವಿದ್ವಾಂಸರು ಇದಕ್ಕೊಂದು ವಿಂಗಡಣೆಯನ್ನು ಮಾಡಿಕೊಟ್ಟಿದ್ದಾರೆ. ಫಿಲಿಪ್ ಕೂಂಬ್ಸ್ ಮತ್ತು ಮಂಜೂರ್ ಅಹ್ಮದ್ ಎಂಬವರು ಗ್ರಾಮೀಣ ಬಡತನ ಹಾಗೂ ಶಿಕ್ಷಣವನ್ನು ಕುರಿತು 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಲಿಕೆಯನ್ನು ಮೂರು ಬಗೆಯಾಗಿ ನೋಡಿದರು. ತರಗತಿ, ಪಠ್ಯ, ಪರೀಕ್ಷೆಗಳಿರುವ ಶಾಲಾ ಶಿಕ್ಷಣ ಮೊದಲನೆಯದು. ಶಾಲೆಯ ಹೊರಗೇ ನಡೆದರೂ ಗುರಿಯಿಟ್ಟು, ವ್ಯವಸ್ಥೆ ಮಾಡಿ ಕಲಿಸುವುದು ಎರಡನೆಯದು; ವಯಸ್ಕರ ಸಾಕ್ಷರತಾ ವರ್ಗ, ರೈತರ ತರಬೇತಿ, ಹೊಲಿಗೆ ತರಗತಿಗಳೆಲ್ಲ ಇದರಲ್ಲಿ ಸೇರುತ್ತವೆ. ಮನೆ, ಕೆಲಸ, ಆಟ, ಒಡನಾಟಗಳಿಂದ ಮನುಷ್ಯನು ಜೀವಮಾನವಿಡೀ ತಾನೇ ತಾನಾಗಿ ಕೂಡಿಸಿಕೊಳ್ಳುವ ತಿಳಿವಳಿಕೆ ಮೂರನೆಯದು. ಇದನ್ನೇ ಶಿಕ್ಷಣಶಾಸ್ತ್ರದವರು ಅನೌಪಚಾರಿಕ ಕಲಿಕೆ ಎನ್ನುತ್ತಾರೆ. ನಾನು ಈ ಬರಹದಲ್ಲಿ ‘ಸಹಜ ಕಲಿಕೆ’ ಎಂದು ಕರೆಯುತ್ತೇನೆ.

ಈ ತಿಳಿವು ನಮಗೆ ಹೊಸದೇನೂ ಅಲ್ಲ. ಸೋಮೇಶ್ವರ ಶತಕದ ಒಂದು ಪ್ರಸಿದ್ಧ ಪದ್ಯವನ್ನು ನನ್ನ ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ್ದಿರಿ. ಬಲ್ಲವರಿಂದ, ಶಾಸ್ತ್ರಗಳಿಂದ, ಮಾಡುವವರನ್ನು ನೋಡಿ, ಸ್ವಂತ ವಿವೇಕದಿಂದ, ಸಜ್ಜನರ ಸಹವಾಸದಿಂದ ಎಂದು ಅರಿವಿನ ಐದು ದಾರಿಗಳನ್ನು ಅದು ಹೇಳುತ್ತದೆ. ಅವುಗಳಲ್ಲಿ ಮೊದಲೆರಡನ್ನು ಮಾತ್ರ ನಾವು ಶಾಲೆಗೆ ತಂದೆವು. ಉಳಿದ ಮೂರು ಮನೆಯಲ್ಲಿ, ಬೀದಿಯಲ್ಲಿ, ಹೊಲದಲ್ಲಿ ಉಳಿದವು.

ಹಾಗಾದರೆ ಸಹಜ ಕಲಿಕೆಯ ಲಕ್ಷಣವೇನು? ನನ್ನ ಮಟ್ಟಿಗೆ ಎರಡು. ಕಲಿಯುವವನು ಕಲಿಯುವುದಕ್ಕೆಂದು ಹೊರಟಿರುವುದಿಲ್ಲ. ಕಲಿತದ್ದನ್ನು ಯಾರೂ ಅಳೆಯುವುದಿಲ್ಲ. ಸಾರಿಗೆ ಉಪ್ಪು ಎಷ್ಟು ಎಂದು ಸೊಸೆಗೆ ಅತ್ತೆ ಗ್ರಾಮಿನಲ್ಲಿ ಹೇಳುವುದಿಲ್ಲ. ಅತ್ತೆಯ ಕೈಯನ್ನು ನೋಡನೋಡುತ್ತ ಸೊಸೆಯ ಕೈಗೂ ಆ ಅಳತೆ ಬರುತ್ತದೆ. ಇದನ್ನು ಅಳೆಯಲು ಹೊರಟ ಕೂಡಲೇ ಅದರ ಜಾತಿ ಬದಲಾಗುತ್ತದೆ. ಬೇಸಿಗೆ ರಜೆಯಲ್ಲಿ ಮಗು ಮಾವಿನ ಮರದ ಕೆಳಗೆ ಆಡುವುದು ಸಹಜ ಕಲಿಕೆ. ‘ಪ್ರಕೃತಿ ವೀಕ್ಷಣಾ ಶಿಬಿರ’ಕ್ಕೆ ಶುಲ್ಕ ಕಟ್ಟಿ ಅದೇ ಮರವನ್ನು ತೋರಿಸಿ ಪ್ರಮಾಣಪತ್ರ ಕೊಡಿಸುವುದು ಬೇರೆ. ಶಿಬಿರ ತಪ್ಪೆಂದು ನಾನು ಹೇಳುತ್ತಿಲ್ಲ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಕೊಟ್ಟು ಮಗುವಿನ ಬಿಡುವನ್ನು ಕಸಿಯಬಾರದು ಎಂಬುದಷ್ಟೇ ನನ್ನ ಮಾತು.

ಒಂದು ಬಗೆಯಿಂದ ಇನ್ನೊಂದಕ್ಕೆ ದಾಟುವುದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಯಕ್ಷಗಾನವನ್ನೇ ನೋಡಿ. ಹಿಂದೆ ಹುಡುಗರು ಮೇಳ ಸೇರಿ, ಕೋಡಂಗಿ, ಬಾಲಗೋಪಾಲರ ವೇಷ ಹಾಕಿ, ರಾತ್ರಿಯಿಡೀ ಹಿರಿಯರ ಕುಣಿತ, ಮಾತುಗಾರಿಕೆಯನ್ನು ನೋಡಿಯೇ ಮೇಲೆ ಬರುತ್ತಿದ್ದರು. ಮುಂದೆ ಕರಾವಳಿಯಲ್ಲಿ ತರಬೇತಿ ಕೇಂದ್ರಗಳು ಆರಂಭವಾಗಿ, ತಾಳ, ಹೆಜ್ಜೆಗಳನ್ನು ಕ್ರಮವಾಗಿ ಕಲಿಸತೊಡಗಿದವು. ಇದರಿಂದಾಗಿ ಮೇಳದ ತಿರುಗಾಟಕ್ಕೆ ಹೋಗಲಾರದವರಿಗೂ, ಹೆಣ್ಣುಮಕ್ಕಳಿಗೂ ಕಲೆ ದೊರಕಿತು. ಆದರೆ ಎದುರು ಪಾತ್ರಧಾರಿ ಅನಿರೀಕ್ಷಿತವಾಗಿ ಎಸೆದ ಮಾತಿಗೆ ಅಲ್ಲಿಯೇ ಉತ್ತರ ಹೊಳೆಸಿಕೊಳ್ಳುವ ಜಾಣ್ಮೆಯನ್ನು ಇಂದಿಗೂ ರಂಗಸ್ಥಳವೇ ಕಲಿಸಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಶಾಲೆ ಬೇಡವೆನ್ನುವವರು ಕೇಳಬೇಕಾದ ಒಂದು ಸಂಗತಿಯಿದೆ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ 5 ಮಕ್ಕಳ ಲೆಕ್ಕವನ್ನು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟನ್ನು ಮಕ್ಕಳು ಸರಿಯಾಗಿ ಹೇಳಿದರು. ಅದೇ ಬಗೆಯ ಲೆಕ್ಕಗಳನ್ನು ಬರಿಯ ಅಂಕೆಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇಕಡಾ 37ರಷ್ಟು ಮಾತ್ರ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಕೊಲ್ಕತ್ತಾ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಇಂಥದೇ ಅಧ್ಯಯನವನ್ನು ಪ್ರಕಟಿಸಿದರು. ಬಾಯಿಲೆಕ್ಕದಲ್ಲಿ ಚುರುಕಾದ ಆ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ತಡವರಿಸಿದರು. ಪುಸ್ತಕದ ಲೆಕ್ಕ ಬಲ್ಲ ಶಾಲಾಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಸಂತೆಯಲ್ಲಿ ಸೊಪ್ಪು ಮಾರಿ ಸೋಮವಾರ ತರಗತಿಗೆ ಬರುತ್ತಿದ್ದ ನನ್ನ ವಿದ್ಯಾರ್ಥಿಗಳನ್ನು ನೆನೆದಾಗ ಇದು ನನಗೆ ಆಶ್ಚರ್ಯವೆನಿಸಲಿಲ್ಲ. ಬದುಕು ಕಲಿಸಿದ್ದು ಕಲಿತ ಜಾಗದಲ್ಲಿಯೇ ನಿಲ್ಲುತ್ತದೆ. ಅದನ್ನು ಬೇರೊಂದು ಜಾಗಕ್ಕೆ ಒಯ್ಯಲು ಯಾರಾದರೂ ಸೇತುವೆ ಕಟ್ಟಬೇಕು. ಆ ಸೇತುವೆ ಕಟ್ಟುವುದೇ ಮೇಷ್ಟರ ಕೆಲಸ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಸಹಜವಾಗಿ ಕಲಿತದ್ದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಮನೆಗೆಲಸಕ್ಕೆ ಬಂದವಳ ಲೋಟವನ್ನು ಬೇರೆ ಇಡಬೇಕೆಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಆದರೂ 4 ವರ್ಷದ ಮಗುವಿಗೆ ಅದು ಗೊತ್ತಿರುತ್ತದೆ. ಗಂಡಸರ ಊಟವಾದಮೇಲೆ ಹೆಂಗಸರದು ಎಂಬುದನ್ನೂ, ಯಾರನ್ನು ಬಹುವಚನದಿಂದ, ಯಾರನ್ನು ಏಕವಚನದಿಂದ ಕರೆಯಬೇಕೆಂಬುದನ್ನೂ ಮಗು ನೋಡಿಯೇ ಕಲಿಯುತ್ತದೆ. ಯಾರೂ ಕಲಿಸಲಿಲ್ಲವಾದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಪಠ್ಯದಲ್ಲಿ ತಪ್ಪಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಬಹುದು. ಜಗುಲಿಯಲ್ಲಿ ಕಲಿತ ತಪ್ಪಿಗೆ ಅರ್ಜಿ ಎಲ್ಲಿ? ಬೇರೆ ಬೇರೆ ಮನೆಗಳ ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಶಾಲೆ, ಅವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಬಿಸಿಯೂಟ, ಮನೆಯಲ್ಲಿ ಕಲಿತದ್ದನ್ನು ಮರೆಸುವ ಸ್ಥಳಗಳೂ ಹೌದು. ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡು ಕಲಿಸುತ್ತೇವೆ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಕೊನೆಯದಾಗಿ, ಕಲಿಕೆಯ ಹೆಸರಿನಲ್ಲಿ ದುಡಿಮೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿತಾದರೂ, ಶಾಲೆಯ ಅವಧಿ ಮುಗಿದಮೇಲೆ ಮತ್ತು ರಜೆಯಲ್ಲಿ, ಅಪಾಯಕಾರಿಯಲ್ಲದ ಮನೆಯ ಉದ್ಯೋಗದಲ್ಲಿ ಮಕ್ಕಳು ನೆರವಾಗಬಹುದೆಂದು ವಿನಾಯಿತಿ ಕೊಟ್ಟಿತು. ಕಸುಬು ಮಕ್ಕಳ ಕೈಗೆ ಬರಬೇಡವೇ ಎಂಬ ವಾದ ತೆಗೆದುಹಾಕುವಂಥದ್ದಲ್ಲ. ಆದರೆ ಗೆರೆ ಎಲ್ಲಿ ಎಳೆಯುವುದು? ಬಾಳೆನಾರಿನಲ್ಲಿ ಹೂ ಕಟ್ಟುವುದನ್ನು ಹುಡುಗಿಯೊಬ್ಬಳು ಕೆಲವು ದಿನಗಳಲ್ಲಿ ಕಲಿಯುತ್ತಾಳೆ. ಮೂರನೆಯ ವರ್ಷವೂ ನಸುಕಿನಲ್ಲೆದ್ದು ಮೊಳಗಟ್ಟಲೆ ಕಟ್ಟುತ್ತಿದ್ದರೆ ಅವಳು ಅಲ್ಲಿ ಏನನ್ನೂ ಕಲಿಯುತ್ತಿಲ್ಲ, ದುಡಿಯುತ್ತಿದ್ದಾಳೆ. ನನ್ನ ಒರೆಗಲ್ಲು ಇಷ್ಟೇ: ನಾಳೆ ಮಗು ಬರುವುದಿಲ್ಲವೆಂದರೆ ನಷ್ಟ ಯಾರಿಗೆ? ಮನೆಯ ಸಂಪಾದನೆಗೆ ನಷ್ಟವಾಗುವುದಾದರೆ ಅದನ್ನು ಕಲಿಕೆಯೆಂದು ಕರೆಯಬೇಡಿ. ಆ ಮನೆಗೆ ಬೇಕಾಗಿರುವುದು ಹಿರಿಯರಿಗೆ ತಕ್ಕ ಕೂಲಿ.

ಇಷ್ಟೆಲ್ಲ ಹೇಳಿದ ಮೇಲೆ ನೀವು ಏನು ಮಾಡಬೇಕೆಂದು ಕೇಳಬಹುದು. ಮಕ್ಕಳಿಗೆ ಅಳತೆಯಿಲ್ಲದ ಸ್ವಲ್ಪ ಹೊತ್ತು ಕೊಡಿ. ಆ ಹೊತ್ತಿನ ಕೊನೆಯಲ್ಲಿ ‘ಇವತ್ತು ಏನು ಕಲಿತೆ?’ ಎಂದು ಕೇಳಬೇಡಿ. ಅಡುಗೆಮನೆಗೆ, ಅಂಗಡಿಗೆ, ತೋಟಕ್ಕೆ, ಸಾವಿನ ಮನೆಗೂ ಕರೆದುಕೊಂಡು ಹೋಗಿ. ಶಾಲೆಗೆ ತಪ್ಪದೆ ಕಳುಹಿಸಿ. ಮತ್ತು ಅವರ ಎದುರಿಗೆ ನೀವು ಹೇಗೆ ನಡೆದುಕೊಳ್ಳುತ್ತೀರಿ, ಬಾಗಿಲಿಗೆ ಬಂದವರೊಡನೆ ಹೇಗೆ ಮಾತನಾಡುತ್ತೀರಿ ಎಂಬುದರ ಮೇಲೆ ಕಣ್ಣಿಡಿ. ನಿಮ್ಮ ಮನೆಯಲ್ಲಿ ರಜೆಯೇ ಇಲ್ಲದೆ ನಡೆಯುತ್ತಿರುವ ಪಾಠ ಅದೊಂದೇ.