ಗುಂಡಿಯಲ್ಲಿ ಕೂತವನ ಸಾಕ್ಷಿ

1995ರ ಅಕ್ಟೋಬರ್ 24, ದೀಪಾವಳಿ ಅಮಾವಾಸ್ಯೆ. ಬೆಳಿಗ್ಗೆ ಸೂರ್ಯಗ್ರಹಣ ಹಿಡಿದಿತ್ತು. ಆಳಂದ ತಾಲೂಕಿನ ನಮ್ಮೂರ ತಿಪ್ಪೆಯಲ್ಲಿ ಗುಂಡಿ ತೋಡಿ ನನ್ನನ್ನು ಕುತ್ತಿಗೆಮಟ ಹೂತರು. ಆಗ ನನಗೆ ಏಳು ವರ್ಷ. ಪೋಲಿಯೊದಿಂದ ಎಡಗಾಲು ಸೊರಗಿತ್ತು. ಗ್ರಹಣ ಬಿಡುವವರೆಗೆ ಮಣ್ಣಿನಲ್ಲಿದ್ದರೆ ಕಾಲಿಗೆ ಬಲ ಬರುತ್ತದೆಂದು ಮನೆತನದ ಗುರುಗಳು ಅಪ್ಪಣೆ ಕೊಟ್ಟಿದ್ದರು. ನಾನು ಚೀರುತ್ತಲೇ ಇದ್ದೆ. ಅವ್ವ ಎದುರಿಗೆ ಕೂತು ಸೆರಗಿನಿಂದ ನನ್ನ ಮುಖದ ನೊಣ ಹೊಡೆಯುತ್ತಿದ್ದಳು. ಗ್ರಹಣ ಬಿಟ್ಟಿತು, ಕಾಲು ಇದ್ದಂತೆಯೇ ಇತ್ತು. ಗುರುಗಳು ಹೇಳಿದ್ದು ಇಷ್ಟೇ: "ಕೂಸು ಅತ್ತು ಕೆಡಿಸ್ತು. ಭಕ್ತಿ ಕಮ್ಮಿ ಬಿತ್ತು."

ನಾನು ದೇವರನ್ನೂ ಹುಟ್ಟಿದ ಮತವನ್ನೂ ಬಿಟ್ಟು ವರ್ಷಗಳಾದವು. ಅದನ್ನು ಬಾಯಿಬಿಟ್ಟು ಹೇಳಿದ್ದು ಈಚೆಗೆ. ಅಂದಿನಿಂದ ಆಳಂದದ ಬಂಧುಗಳು, ಅಫಜಲಪುರದ ಸೋದರಮಾವಂದಿರು, ನೌಕರಿ ಮಾಡುವ ಜೇವರ್ಗಿಯ ಗೆಳೆಯರು ನನ್ನನ್ನು ತಿದ್ದಲು ಕೂತಿದ್ದಾರೆ. ಅವರ ಮಾತುಗಳನ್ನು ಒಂದೂ ಬಿಡದೆ ಕೇಳಿಸಿಕೊಂಡಿದ್ದೇನೆ. ಇನ್ನು ನನ್ನ ಸರದಿ. ತೀರ್ಪು ಓದುವವರದು.

ಮೊದಲ ಮಾತು: "ಇದು ವಿಚಾರ ಅಲ್ಲ, ಸಣ್ಣಂದಿನ ಗಾಯ. ಸಿಟ್ಟಿನಿಂದ ದೇವರನ್ನು ಬಿಟ್ಟಿ." ಇದನ್ನು ಹೇಳಿದ ಸೋದರಮಾವನಿಗೆ ಅವನು ಯಾಕೆ ಭಕ್ತನಾದನೆಂದು ಕೇಳಿದೆ. ಮುತ್ಯಾನ ಹೆಗಲ ಮೇಲೆ ಕೂತು ಜಾತ್ರೆಯ ತೇರು ನೋಡಿದ್ದು, ಅವ್ವ ಸೋಮವಾರ ಹಚ್ಚುತ್ತಿದ್ದ ವಿಭೂತಿಯ ತಂಪು, ದಾಸೋಹದ ಹುಗ್ಗಿಯ ರುಚಿ, ಇವನ್ನು ಹೇಳಿದ. ಹೇಳುವಾಗ ಕಣ್ಣು ತುಂಬಿದವು. ಆ ನೆನಪುಗಳನ್ನು ನಾನು ಗೌರವಿಸುತ್ತೇನೆ. ಆದರೆ ಅವೂ ಸಣ್ಣಂದಿನವೇ ಅಲ್ಲವೆ? ಏಳು ವರ್ಷದ ಹುಡುಗ ಉಂಡ ಹುಗ್ಗಿ ದೇವರಿದ್ದಾನೆ ಎನ್ನಲು ಸಾಕ್ಷಿಯಾಗುವುದಾದರೆ, ಏಳು ವರ್ಷದ ಇನ್ನೊಬ್ಬ ಹುಡುಗ ಕೂತ ಗುಂಡಿಯೂ ಕಟಕಟೆಗೆ ಬರಬೇಕು. ಒಂದೇ ವಯಸ್ಸಿನ ಎರಡು ನೆನಪುಗಳಲ್ಲಿ ಸವಿಯಾದದ್ದನ್ನು ಅನುಭವ ಎಂದು ಕರೆದು, ಕಹಿಯಾದದ್ದನ್ನು ರೋಗ ಎಂದು ಕರೆಯುವವರು ಮೊದಲು ತಮ್ಮ ತಕ್ಕಡಿ ತೋರಿಸಲಿ. ಸಿಟ್ಟು ಬಂದಿದ್ದೂ ನಿಜ. ಸಿಟ್ಟು ಬಂದವನು ಹೇಳಿದ್ದೆಲ್ಲ ಸುಳ್ಳಾಗುವಂತಿದ್ದರೆ ಯಾವ ಕೋರ್ಟಿನಲ್ಲೂ ಪೆಟ್ಟು ತಿಂದವನ ಹೇಳಿಕೆ ಬರೆದುಕೊಳ್ಳುತ್ತಿರಲಿಲ್ಲ.

ಎರಡನೆಯದು: "ಅದು ಧರ್ಮ ಅಲ್ಲ, ಮೂಢನಂಬಿಕೆ. ಓದುಬರಹ ಇಲ್ಲದ ಕಾಲದ್ದು." ಕಾಲದ ಮಾತನ್ನೇ ಮೊದಲು ನೋಡೋಣ. 2019ರ ಡಿಸೆಂಬರ್ 26ರ ಗ್ರಹಣದ ದಿನ, ಕಲಬುರಗಿ ನಗರದ ಮಗ್ಗುಲಿಗಿರುವ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆಮಟ ಹೂತಿದ್ದ ಚಿತ್ರಗಳನ್ನು ನಾಡೆಲ್ಲ ನೋಡಿತು. ನನ್ನ ಗುಂಡಿಗೂ ಆ ಗುಂಡಿಗಳಿಗೂ ನಡುವೆ ಇಪ್ಪತ್ತನಾಲ್ಕು ವರ್ಷ. ಈ ನಡುವೆ ಶಾಲೆ ಬಂತು, ಮೊಬೈಲು ಬಂತು, ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಬಂತು. ಗುಂಡಿ ಮಾತ್ರ ಮುಚ್ಚಲಿಲ್ಲ. ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆಯ ಕರಡು ಸಿದ್ಧವಾಗಿದ್ದು 2013ರಲ್ಲಿ. ಸದನ ಒಪ್ಪಿದ್ದು 2017ರಲ್ಲಿ. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ, ಅಂದರೆ ತಾಜಸುಲ್ತಾನಪುರದ ಮಕ್ಕಳನ್ನು ಮಣ್ಣಿನಿಂದ ಎತ್ತಿದ ಕೆಲವೇ ದಿನಗಳ ನಂತರ.

ಇನ್ನು "ಅದು ಧರ್ಮ ಅಲ್ಲ" ಎಂಬುದು. ಇದನ್ನು ನನಗೆ ಈಗ ಹೇಳುತ್ತಿದ್ದೀರಿ. 1995ರಲ್ಲಿ ಗುಂಡಿಯ ಸುತ್ತ ನಿಂತ ಮೂವತ್ತು ಜನರಲ್ಲಿ ಒಬ್ಬರೂ ಹೇಳಲಿಲ್ಲ. ಗುರುಗಳು ಅಪ್ಪಣೆ ಕೊಟ್ಟರು, ಪಂಚಾಂಗ ನೋಡಿ ಹೊತ್ತು ಹೇಳಿದರು, ದಕ್ಷಿಣೆ ಇಸಿದುಕೊಂಡರು. ಅಂದು ಅದು ಧರ್ಮವೇ ಆಗಿತ್ತು. ಕಾಲು ಬರಲಿಲ್ಲವೆಂದಾಗ, ಊರ ಹೊರಗಿನವರು ನೋಡಿ ನಾಚಿಕೆಯಾದಾಗ, ಮೂಢನಂಬಿಕೆ ಆಯಿತು. ಮಠ ನಡೆಸುವ ಶಾಲೆ, ಹಾಕುವ ಅನ್ನ ಧರ್ಮದ ಲೆಕ್ಕಕ್ಕೆ. ತಿಪ್ಪೆಗುಂಡಿ ಯಾರ ಲೆಕ್ಕಕ್ಕೂ ಇಲ್ಲ. ಜಮೆ ಮಾತ್ರ ಬರೆದು ಖರ್ಚು ಬರೆಯದ ಕಿರ್ದಿಯನ್ನು ನಮ್ಮ ತೊಗರಿ ಅಡತಿಯ ಸಾಹುಕಾರನೂ ಒಪ್ಪುವುದಿಲ್ಲ.

ಮೂರನೆಯದನ್ನು ತುಸು ಓದಿಕೊಂಡವರು ಹೇಳುತ್ತಾರೆ: "ವೈದ್ಯನೊಬ್ಬ ಕೆಟ್ಟವನಾದರೆ ವೈದ್ಯಶಾಸ್ತ್ರವನ್ನೇ ಬಿಡ್ತೀರೇನು?" ಹೋಲಿಕೆ ಅವರೇ ಆರಿಸಿದ್ದು, ಪೂರ್ತಿ ನಡೆಸೋಣ. ನನ್ನನ್ನು ಹೂತ ಎರಡೇ ತಿಂಗಳೊಳಗೆ, ಅದೇ 1995ರ ಡಿಸೆಂಬರಿನಲ್ಲಿ, ದೇಶದಾದ್ಯಂತ ಪಲ್ಸ್ ಪೋಲಿಯೊ ಲಸಿಕೆ ಶುರುವಾಯಿತು. ಮನೆಮನೆಗೆ ಬಂದರು, ಬೆರಳಿಗೆ ಶಾಯಿ ಹಚ್ಚಿದರು, ಬಿಟ್ಟುಹೋದ ಮಗುವನ್ನು ಹುಡುಕಿಕೊಂಡು ಮತ್ತೆ ಬಂದರು. ಎಲ್ಲಿ ರೋಗ ಕಂಡಿತೋ ಅದು ತಮ್ಮ ಸೋಲೆಂದು ಬರೆದುಕೊಂಡರು. 2011ರ ಜನವರಿಯ ಪ್ರಕರಣವೇ ಈ ದೇಶದ ಕೊನೆಯ ಕಾಡು ಪೋಲಿಯೊ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಬಂತು. ಆ ಲಸಿಕೆಯವರು ಒಂದು ಸಲವೂ "ಕೂಸು ಅತ್ತು ಕೆಡಿಸ್ತು" ಎನ್ನಲಿಲ್ಲ. ಸೋತಾಗ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದರಲ್ಲೇ ವ್ಯತ್ಯಾಸವಿದೆ.

"ಒಬ್ಬ ಕೆಟ್ಟ ಗುರು" ಎಂಬ ವಾದ ನಮ್ಮಲ್ಲಷ್ಟೇ ಇಲ್ಲ. ಐರ್ಲೆಂಡಿನ ಕ್ಯಾಥೊಲಿಕ್ ಚರ್ಚೂ ಬಹುಕಾಲ ಅದನ್ನೇ ಹೇಳಿತು. 2009ರ ರಾಯನ್ ವರದಿ ಬಂದಾಗ, ಚರ್ಚಿನ ಸಂಘಗಳು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ ದಶಕಗಳ ಕಾಲ ನಡೆದಿದ್ದವೆಂದೂ ಮೇಲಿನವರು ಅದನ್ನು ಮುಚ್ಚಿಟ್ಟಿದ್ದರೆಂದೂ ಬಯಲಾಯಿತು. 2016ರ ಜನಗಣತಿಯಲ್ಲಿ ಆ ದೇಶದ ನೂರಕ್ಕೆ 78ರಷ್ಟು ಜನ ಕ್ಯಾಥೊಲಿಕ್ ಎಂದು ಬರೆಸಿದ್ದರು, 2022ರಲ್ಲಿ 69. ಹೊರಬಂದವರಿಗೆಲ್ಲ ಕಾರಣ ಒಂದೇ ಎನ್ನುವುದಿಲ್ಲ. ಆದರೆ ಆ ಮಕ್ಕಳ ಮಾತನ್ನು ದೊಡ್ಡವರಾದ ಮೇಲಾದರೂ ಕೂತು ಕೇಳಿ, ಬರೆದು, ಅಚ್ಚು ಹಾಕಿಸಿದ್ದಕ್ಕೆ ಆ ನಾಡಿಗೆ ನಾನು ತಲೆಬಾಗುತ್ತೇನೆ.

ಐರ್ಲೆಂಡಿನ ಹೆಸರೆತ್ತಿದರೆ ಅಲ್ಲಿಗೆ ಇನ್ನೊಂದು ಆಕ್ಷೇಪ ಅರ್ಧ ಸಾಯುತ್ತದೆ: "ನಮ್ಮ ಧರ್ಮಕ್ಕಷ್ಟೇ ಅಂತೀರಿ, ಉಳಿದವರಿಗೆ ಅನ್ನೂ ಧೈರ್ಯ ಇಲ್ಲ." ನನ್ನನ್ನು ಹೂತದ್ದು ನನ್ನ ಮತ, ಸಾಕ್ಷಿ ಹೇಳಬೇಕಾದ್ದೂ ಅದರ ಬಗ್ಗೆಯೇ. ಚರ್ಚಿನಲ್ಲಿ, ಮದರಸಾದಲ್ಲಿ ಬೆಳೆದು ನೊಂದವರು ತಮ್ಮದನ್ನು ಹೇಳಿದಾಗ ಇದೇ ಜನ ಗಾಯ, ಸಿಟ್ಟು ಎನ್ನುವುದಿಲ್ಲ. "ಖರೇ ಹೇಳಿದ" ಎಂದು ಬೆನ್ನು ತಟ್ಟುತ್ತಾರೆ. ಬೇರೆಯವರ ಮನೆಯ ಮಗುವಿನ ಅಳು ಸಾಕ್ಷಿ, ನಮ್ಮ ಮನೆಯದು ಹಟ. ಇದು ಯಾವ ನ್ಯಾಯ?

ಇನ್ನೊಂದು ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ: "ಇದು ಶರಣರ, ಸೂಫಿಗಳ ನೆಲ. ಇಲ್ಲಿ ತಿದ್ದುತ್ತಾರೆ, ಬಿಟ್ಟು ಹೋಗೋದಿಲ್ಲ." ಹಾಗಾದರೆ ಜನಿವಾರ ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಹುಡುಗನನ್ನು ಏನೆನ್ನೋಣ? ಬಸವ ಜಯಂತಿಯ ಮೆರವಣಿಗೆಯಲ್ಲಿ ನೀವು ಹೊರುವುದು ಹುಟ್ಟಿದ ಮತದ ಸಂಸ್ಕಾರವನ್ನು ಎಳವೆಯಲ್ಲೇ ಬಿಟ್ಟವನ ಚಿತ್ರ. ನಮ್ಮ ಕಡಕೋಳ ಮಡಿವಾಳಪ್ಪನನ್ನು ನೋಡಿ. ಅಫಜಲಪುರ ತಾಲೂಕಿನ ಬಿದನೂರಲ್ಲಿ ವಿಧವೆಯ ಮಗನಾಗಿ ಹುಟ್ಟಿದವನು. ಆ ಹುಟ್ಟನ್ನೇ ಮುಂದೆ ಮಾಡಿ ಮಠದವರು ಅವನನ್ನು ಹೊರಗಿಟ್ಟರೆಂದು ಅವನ ಚರಿತ್ರೆ ಹೇಳುತ್ತದೆ. ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತು, ಮತದ ಗೋಡೆ ನೋಡದೆ ಶಿಷ್ಯರನ್ನು ಕೂಡಿಸಿದ. ಚೆನ್ನೂರ ಜಲಾಲಸಾಹೇಬನೂ ಅವರಲ್ಲಿ ಒಬ್ಬ. ಇಂದು ಅವನ ತತ್ವಪದಗಳನ್ನು ಭಜನೆಯಲ್ಲಿ ಹಾಡುವವರೇ ನನಗೆ "ಬಿಡಬ್ಯಾಡ" ಎನ್ನುತ್ತಿದ್ದಾರೆ. ಒಂದನ್ನು ಒಪ್ಪುತ್ತೇನೆ: ಬಸವಣ್ಣ, ಮಡಿವಾಳಪ್ಪ ದೇವರನ್ನು ಬಿಡಲಿಲ್ಲ, ನಾನು ಬಿಟ್ಟೆ. ಅವರನ್ನು ನನ್ನ ಪಕ್ಷಕ್ಕೆ ಎಳೆಯುತ್ತಿಲ್ಲ. ಆದರೆ ಚಿಕ್ಕಂದಿನ ಅವಮಾನದಿಂದ ಹುಟ್ಟಿದ ಪ್ರಶ್ನೆ ಕೀಳಲ್ಲ ಎಂಬುದಕ್ಕೆ ಈ ನೆಲದಲ್ಲಿ ಅವರಿಗಿಂತ ದೊಡ್ಡ ಪುರಾವೆ ಬೇಕಿಲ್ಲ.

"ಮತ ಇಲ್ಲದೆ ಮದುವಿ ಹ್ಯಾಂಗ, ಫಾರ್ಮಿನ್ಯಾಗ ಏನು ಬರೀತಿ" ಎಂಬುದಕ್ಕೆ ಉತ್ತರ ಸಣ್ಣದು. 1954ರ ವಿಶೇಷ ವಿವಾಹ ಕಾಯ್ದೆ ಇದೆ. ನನ್ನ ಮದುವೆ ಅದರಡಿಯೇ ಆಯಿತು. ತನಗೆ ಯಾವ ಧರ್ಮವೂ ಇಲ್ಲ ಎನ್ನುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲೇ ಇದೆಯೆಂದು ಬಾಂಬೆ ಹೈಕೋರ್ಟು 2014ರಲ್ಲಿ ಹೇಳಿದೆ. 2011ರ ಜನಗಣತಿಯಲ್ಲಿ ಧರ್ಮ ಹೇಳದವರು 28 ಲಕ್ಷಕ್ಕೂ ಹೆಚ್ಚು.

ಕೊನೆಗೆ ಉಳಿಯುವುದು ಅವ್ವನ ಹೆಸರು. "ಅವ್ವನ ಮನಸ್ಸು ನೋಯಿಸಿದಿ" ಎನ್ನುತ್ತಾರೆ. ಅವ್ವನನ್ನು ನಾನು ಎಂದೂ ದೂರಿಲ್ಲ. ಮಗನ ಕಾಲಿಗಾಗಿ ಆಕೆ ಏನನ್ನಾದರೂ ಮಾಡುತ್ತಿದ್ದಳು. ಆ ಪ್ರೀತಿಯನ್ನು ಗುಂಡಿ ತೋಡಲು ಬಳಸಿಕೊಂಡವರನ್ನು ದೂರುತ್ತೇನೆ. ಹೋದ ವರ್ಷ ಆಕೆಯೇ ನನ್ನ ಕಾಲು ಮುಟ್ಟಿ ಹೇಳಿದಳು: "ಅವತ್ತ ನಿನ್ನ ಎತ್ತಿಕೊಂಡು ಓಡಿ ಹೋಗಬೇಕಿತ್ತಪಾ."

2027ರ ಆಗಸ್ಟ್ 2, ಸೋಮವಾರ, ಮತ್ತೆ ಸೂರ್ಯಗ್ರಹಣವಿದೆ. ಭಾರತದ ಹಲವೆಡೆ ಭಾಗಶಃ ಕಾಣುತ್ತದೆ. ನೀವು ದೇವರನ್ನು ನಂಬಿ, ಬಿಡಿ, ಅದು ನಿಮ್ಮದು. ಆ ದಿನ ನಿಮ್ಮೂರ ತಿಪ್ಪೆಯ ಹತ್ತಿರ ಯಾರಾದರೂ ಗುದ್ದಲಿ ಹಿಡಿದು ನಿಂತಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.