ಗೋಡೆಯೊಳಗಿನ ತೇವಕ್ಕೆ ದಾರಿ ಬಿಡಿ

ನಾರಾಯಣಖೇಡದ ಹತ್ತಿರ ನಮ್ಮ ಹಿರಿಯರ ಮನೆಯಿದೆ. 20 ವರ್ಷದ ಹಿಂದೆ ಅದರ ಪಡಸಾಲೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದೆವು. ಆಗ ಎಲ್ಲರೂ ಚೆಂದ ಅಂದಿದ್ದರು. ಈ ಶಿವರಾತ್ರಿ ಕಳೆದ ಮೇಲೆ ಉಬ್ಬಿನಿಂತಿದ್ದ ಆ ಗಿಲಾವನ್ನು ಕಿತ್ತಾಗ ಹಿಂದಿನ ಮಣ್ಣು ಹಿಟ್ಟಿನ ಹಾಗೆ ಸುರಿಯಿತು. ಮೂರು ತಲೆಮಾರು ನಿಂತ ಗೋಡೆ ಅದು. ಅದನ್ನು ಕೆಡಿಸಿದ್ದು ಮಳೆಯಲ್ಲ, ನಾವು.

ನೆಲದ ತೇವ ಗೋಡೆಗೆ ಏರುತ್ತಲೇ ಇರುತ್ತದೆ. ಮೇಲಿರುವುದು ಮಣ್ಣೋ ಸುಣ್ಣವೋ ಆದರೆ ಬಿಸಿಲಿಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಹೊರಗೆ ಬಿಡುವುದಿಲ್ಲ. ಒಳಗೇ ನಿಂತ ನೀರು ಮಣ್ಣನ್ನು ಮೆದು ಮಾಡುತ್ತದೆ, ನೀರಲ್ಲಿ ಕರಗಿದ ಉಪ್ಪು ಹರಳುಗಟ್ಟಿ ಗೋಡೆಯನ್ನು ಒಳಗಿಂದ ಉದುರಿಸುತ್ತದೆ. ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಟೈಲ್ಸ್ ಕೂರಿಸಿದರೂ ಹೀಗೇ; ನೆಲದಲ್ಲಿ ಆರಲಾಗದ ತೇವ ಗೋಡೆ ಹತ್ತುತ್ತದೆ. ಜಹೀರಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆಗಳ ಸಂದಿಗೆ ಸಿಮೆಂಟ್ ತುಂಬುವವರೂ ಇದನ್ನು ನೆನಪಿಡಬೇಕು.

ತಾಂಡೂರಿನ ಮನೆಗಳಲ್ಲಿ ಪರಸಿ ಕಿತ್ತು ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸ್ ಹಾಕುವುದನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿಯ ಸುಣ್ಣದ ಕಲ್ಲು ಭೂಮಿಯೊಳಗೇ ಪದರ ಪದರವಾಗಿ ಮಲಗಿದೆ. ಉಳಿ ಇಟ್ಟು ಹೊಡೆದರೆ ಹಾಳೆಯ ಹಾಗೆ ಬಿಡುತ್ತದೆ. ನೀಲಿ, ಹಳದಿ ಎರಡೂ ದೇಶದ ಎಲ್ಲೆಡೆ ಹೋಗುತ್ತವೆ. ಅದೇ ಜಾತಿಯ ಕಲ್ಲನ್ನು ಸುಟ್ಟರೆ ಸುಣ್ಣ. ಆ ಕಲ್ಲನ್ನೇ ಅರೆದು ಸುಟ್ಟು ಕರಣಕೋಟದ ಕಾರ್ಖಾನೆ ಸಿಮೆಂಟ್ ಮಾಡುತ್ತದೆ. ಸಿಮೆಂಟ್ ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ. ಸುಣ್ಣಕ್ಕೆ ಅವಸರವಿಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತ ವರ್ಷಗಟ್ಟಲೆ ಮತ್ತೆ ಕಲ್ಲಾಗುತ್ತ ಹೋಗುತ್ತದೆ. ಹಳೆಯ ಗೋಡೆ ತುಸು ಅಲುಗಿದರೆ ಅದೂ ಜೊತೆಗೆ ಹೊಂದಿಕೊಳ್ಳುತ್ತದೆ.

ಹಳೆಯ ಮನೆ ಕೆಡವುವವರನ್ನು ನಾನು ದೂರುವುದಿಲ್ಲ. ಮಾಳಿಗೆ ಸೋರುವಾಗ ರಾತ್ರಿಯಿಡೀ ಪಾತ್ರೆ ಇಡುತ್ತ ಕೂತವರಿಗೇ ಆ ಕಷ್ಟ ಗೊತ್ತು. ಆದರೆ ಸೋರುವುದಕ್ಕೆ ಕಾರಣ ಹುಡುಕಿ. ಸೋರಿತೆಂದು ವರ್ಷ ವರ್ಷ ಮಣ್ಣಿನ ಮೇಲೆ ಮಣ್ಣು ಹಾಕುತ್ತ ಬಂದಿದ್ದೇವೆ. ನಮ್ಮ ಮಾಳಿಗೆಯ ಮೇಲೆ ಮೊಣಕಾಲುದ್ದ ಮಣ್ಣಿತ್ತು. ತೊಲೆ ಬಾಗಿದ್ದು ಮುಪ್ಪಿನಿಂದಲ್ಲ, ಆ ಭಾರಕ್ಕೆ. ಎಲ್ಲ ಇಳಿಸಿದೆವು. ಎರಡು ತೊಲೆಗಳಲ್ಲಿ ಗೋಡೆಯೊಳಗಿನ ತುದಿಯನ್ನಷ್ಟೇ ಗೆದ್ದಲು ತಿಂದಿತ್ತು. ಅಷ್ಟು ಕತ್ತರಿಸಿ ಸಾಗುವಾನಿಯ ತುಂಡು ಜೋಡಿಸಿದೆವು. ಇನ್ನು ತೆಳುವಾಗಿ ಮಣ್ಣು, ಅದರ ಮೇಲೆ ಗಚ್ಚು, ಹರನಾಳಿಗೆಯ ಕಡೆಗೆ ಸರಿಯಾದ ಇಳಿಜಾರು. ಬೆಳಕಿಂಡಿಗೆ ಗಾಜು. ಬಚ್ಚಲು, ಪಾಯಿಖಾನೆ ಹಿತ್ತಲಲ್ಲಿ ಬೇರೆಯೇ, ಇಟ್ಟಿಗೆ ಸಿಮೆಂಟಿನಲ್ಲಿ. ಮಣ್ಣಿನ ಗೋಡೆಯೊಳಗೆ ನೀರಿನ ಪೈಪು ಮಾತ್ರ ಯಾವ ಕಾರಣಕ್ಕೂ ಬೇಡ.

ಮನೆಯ ಜೊತೆ ಮಾತಿನ ಪ್ರಶ್ನೆಯೂ ಇದೆ. 1956ರ ನವೆಂಬರ್ 1ರವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಆಂಧ್ರಪ್ರದೇಶಕ್ಕೆ ಸೇರಿದ ಮೇಲೆ ಶಾಲೆ, ಕಚೇರಿ ತೆಲುಗಿನವಾದವು. ನಮ್ಮ ಗೌಂಡಿಯ ಮನೆಮಾತು ತೆಲುಗು. ನಾವು ತೊಲೆ ಅಂದರೆ ಆತ ದೂಲಂ ಅನ್ನುತ್ತಾನೆ, ಜಂತಿ ಅಂದರೆ ದಂತೆ. ಕೆಲಸ ನಿಲ್ಲಲಿಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆ ಅಂಗಳದ ಕಟ್ಟೆಯ ಮೇಲೆ ಕೂತು, “ತಮ್ಮಾ, ಬ್ಯಾಸಿಗ್ಯಾಗ ಆ ಸ್ಲ್ಯಾಬಿನ ಖೋಲ್ಯಾಗ ಮಲಗಲಾಕ ಆಗಲ್ಲ, ಈ ಮಾಳಿಗಿ ಒಂದು ನೆಟ್ಟಗ ಮಾಡಿಕೊಡು” ಅಂದಾಗ ಆತ ಕನ್ನಡದಲ್ಲೇ “ಆಯ್ತವ್ವಾ” ಅಂದ. ಈ ಮಾತುಗಳೆಲ್ಲ ಮನೆಯ ಮರ ಮಣ್ಣಿಗೆ ಅಂಟಿಕೊಂಡು ಬದುಕಿವೆ. ಜಂತಿಯೇ ಇಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ಆ ಪದವನ್ನು ಹೇಗೆ ಕಲಿಸುವುದು?

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನಮ್ಮ ಸೀಮೆಯ ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿದೆ. ಅವರಿಗೆ ಕೈಮುಗಿಯುತ್ತೇನೆ. ಆದರೂ ಮನೆ ಅದರ ಊರಲ್ಲೇ, ಜನ ಉಂಡು ಮಲಗುವ ಮನೆಯಾಗಿಯೇ ಉಳಿಯಲಿ ಎಂಬುದು ನನ್ನ ಆಸೆ. ಅದಕ್ಕೆ ಸರ್ಕಾರದ ಕೈಯೂ ಬೇಕು. ತೆಲಂಗಾಣದ ಇಂದಿರಮ್ಮ ಯೋಜನೆಯಲ್ಲಿ ಹೊಸ ಮನೆ ಕಟ್ಟಲು 5 ಲಕ್ಷ ರೂಪಾಯಿ ಸಿಗುತ್ತದೆ. ಗಟ್ಟಿಯಿರುವ ಹಳೆಯ ಮನೆಯ ಮಾಳಿಗೆ ರಿಪೇರಿಗೂ ಅದರಲ್ಲೊಂದು ಪಾಲು ಕೊಡುವುದಾದರೆ ಎಷ್ಟೋ ಬಡವರು ಗೋಡೆಗೆ ಹಾರೆ ಹಾಕುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಮತ್ತೆ ಹಾಸಲೆಂದೇ ಕಿತ್ತ ನಮ್ಮ ಪರಸಿಗಳಿಗೆ ಸುಣ್ಣದಲ್ಲಿ ನಂಬರ್ ಬರೆದು ಅಂಗಳದಲ್ಲಿ ಒರಗಿಸಿದ್ದೇವೆ. ಗುಂಡಿಯಲ್ಲಿ ಸುಣ್ಣ ನೆನೆಹಾಕಿ 20 ದಿನವಾಯಿತು. ಮಿರಗದ ಮಳೆ ಬರುವುದರೊಳಗೆ ಮಾಳಿಗೆಯ ಗಚ್ಚು ಒಣಗಬೇಕು.